ಹೊಯ್ಗೆ ನೆಲದಲ್ಲಿ ಕೈಯಿಂದ ಕೊರೆದ ಬಾವಿ

ನಮ್ಮ ಮನೆ ಇರುವುದು ಕುಂದಾಪುರದ ಉತ್ತರಕ್ಕೆ, ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡಿರುವ ಹೊಯ್ಗೆ ನೆಲದಲ್ಲಿ, ಅಂದರೆ ಮರಳು ನೆಲದಲ್ಲಿ. ಅಂಗಳದಲ್ಲಿ ನಿಂತರೆ ಪಶ್ಚಿಮದಿಂದ ಅಲೆಯ ಸದ್ದು ಕೇಳುತ್ತದೆ. ಪೂರ್ವಕ್ಕೆ ತೆಂಗಿನ ತೋಟ ದಾಟಿದರೆ ಭರತದ ಹೊತ್ತಿಗೆ ಉಪ್ಪುನೀರು ತುಂಬಿಕೊಳ್ಳುವ ಹೊಳೆ ಸಿಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಆದರೂ ಅಜ್ಜನ ಕಾಲದ ನಮ್ಮ ತೆರೆದ ಬಾವಿ, ಹೊಳೆಗೆ ಸಮೀಪವಿರುವುದರಿಂದ, ಏಪ್ರಿಲ್ ಮುಗಿಯುವ ಹೊತ್ತಿಗೆ ಸವುಳಾಗಿಬಿಡುತ್ತಿತ್ತು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಚಹಾಕ್ಕೆ ರುಚಿ ಇರುತ್ತಿರಲಿಲ್ಲ. ಮಳೆಗಾಲ ಹಿಡಿಯುವವರೆಗೆ ಅಮ್ಮ ಮೇಲಿನ ಮನೆಯಿಂದ ಕೊಡಪಾನದಲ್ಲಿ ಕುಡಿಯುವ ನೀರು ಹೊತ್ತು ತರುವುದು ಎಷ್ಟೋ ವರ್ಷಗಳಿಂದ ನಡೆದುಕೊಂಡು ಬಂದಿತ್ತು.

ಯಂತ್ರದ ಕೊಳವೆಬಾವಿಯ ಮಾತು ಮನೆಯಲ್ಲಿ ಹಲವು ಸಲ ಬಂದಿತ್ತು. ಆದರೆ ನೆರೆಯ ಜಾಗದಲ್ಲಿ 180 ಅಡಿ ಕೊರೆಸಿದವರಿಗೆ ಕೊನೆಗೆ ಸಿಕ್ಕಿದ್ದು ಬಾಯಿಗೆ ಹಾಕಲಾಗದ ನೀರು. ಅದನ್ನು ಕಣ್ಣಾರೆ ಕಂಡ ಮೇಲೆ ಆಳಕ್ಕೆ ಹೋದಷ್ಟೂ ಒಳ್ಳೆಯ ನೀರು ಸಿಗುತ್ತದೆ ಎಂಬ ಮಾತು ನಮ್ಮ ನೆಲಕ್ಕೆ ಹೊಂದುವುದಿಲ್ಲವೆಂದು ನನಗೆ ಖಚಿತವಾಯಿತು. ಕಡಲತೀರದ ಹೊಯ್ಗೆಯಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ, ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ಇದರ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೆದರ್‌ಲ್ಯಾಂಡ್ಸ್‌ನ ಬಾಡನ್ ಗೈಬನ್, ಅವರ ಹಿಂದೆಯೇ 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್ ಬೇರೆಬೇರೆಯಾಗಿ ಹೇಳಿದ್ದರು. ಸಿಹಿನೀರಿನ ಮಟ್ಟ ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕಡಲಿನ ಮಟ್ಟದಿಂದ ಕೆಳಕ್ಕೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರಬಲ್ಲದು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಮೈ ಝುಮ್ಮೆನ್ನುತ್ತದೆ: ಮೇಲಿನ ನೀರನ್ನು ಎಳೆದು ಒಂದು ಅಡಿ ಇಳಿಸಿ, ಹಾಗೆಯೇ ಇಳಿದಿರುವಂತೆ ಬಿಟ್ಟರೆ, ಕೆಳಗಿನ ಉಪ್ಪು ಕ್ರಮೇಣ 40 ಅಡಿಯಷ್ಟು ಮೇಲೇರಲು ದಾರಿಯಾಗುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಆಳವಿಲ್ಲದ, ಮೆಲ್ಲನೆ ನೀರು ಕೊಡುವ ಬಾವಿ. ಅಂಥದನ್ನು ಕೊರೆಯಲು ದೊಡ್ಡ ಯಂತ್ರ ಬೇಕಿರಲಿಲ್ಲ, ಕೈಯೇ ಸಾಕಿತ್ತು.

ಬಾವಿಗೆ ಸಿಮೆಂಟಿನ ರಿಂಗು ಇಳಿಸುವ ಕೆಲಸದಲ್ಲಿ ಬಹುಕಾಲ ದುಡಿದ ನನ್ನ ಸೋದರಮಾವನನ್ನು ಮೊದಲು ಕೇಳಿದೆ. ಇನ್ನೊಂದು ರಿಂಗಿನ ಬಾವಿಯನ್ನೇ ತೋಡುವುದಾದರೆ ಯಾರಾದರೂ ಒಳಗಿಳಿಯಲೇಬೇಕು. ಹೊಯ್ಗೆ ಕುಸಿದು ಕೆಲಸದವರು ಹೂತುಹೋದದ್ದನ್ನು ಅವರು ಕಂಡವರು, ಹಾಗಾಗಿ ಅದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಕಿರಿದಾದ ಕೊಳವೆಯನ್ನು ಮೇಲಿನಿಂದಲೇ ಇಳಿಸುವುದಾದರೆ ಯಾರ ಜೀವಕ್ಕೂ ಅಪಾಯವಿಲ್ಲ ಎಂದರು. ಅಮ್ಮ ಒಪ್ಪಿಗೆ ಕೊಟ್ಟದ್ದೂ ಆ ಒಂದೇ ಕಾರಣಕ್ಕೆ. ಘಟ್ಟದ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ಕೊರೆಯುವ ಪದ್ಧತಿಯಿದೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ವರ್ಷಗಟ್ಟಲೆ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪಡೆದರು. ಕೈಯ ದುಡಿಮೆಯಿಂದ ನೀರು ತರಬಹುದು ಎಂಬ ಧೈರ್ಯ ನನಗೆ ಬಂದದ್ದು ಅವರಿಂದಲೇ. ಆದರೆ ಮುರಕಲ್ಲು ತಾನಾಗಿ ನಿಲ್ಲುತ್ತದೆ, ಹೊಯ್ಗೆ ನಿಲ್ಲುವುದಿಲ್ಲ; ನಮ್ಮ ಕೆಲಸದ ಕಷ್ಟವೆಲ್ಲ ಇದ್ದದ್ದು ಅಲ್ಲಿಯೇ.

ಕರ್ನಾಟಕದಲ್ಲಿ ಅಂತರ್ಜಲಕ್ಕೆ ಸಂಬಂಧಿಸಿದಂತೆ 2011ರ ಕಾಯ್ದೆಯೊಂದಿದ್ದು, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಪಡೆಯಬೇಕಾಗುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ವಿಚಾರಿಸಿ, ನಮ್ಮ ಜಾಗಕ್ಕೆ ಅಡ್ಡಿಯಿಲ್ಲವೆಂದು ತಿಳಿದುಕೊಂಡೆ. ಸಮಯವನ್ನು ಗೊತ್ತುಮಾಡಿದವರು ಮಾವ: ಮೇ ತಿಂಗಳು, ನೀರು ಅತ್ಯಂತ ಕೆಳಗಿಳಿದಿರುವ ಹೊತ್ತು. ಮಳೆ ನಿಂತ ಹೊಸತರಲ್ಲಿ ಕೊರೆದ ಬಾವಿ ಐದಾರು ಅಡಿಯಲ್ಲೇ ನೀರು ತೋರಿಸಿ ನಮ್ಮನ್ನು ನಂಬಿಸುತ್ತದೆ, ಬೇಸಗೆಯಲ್ಲಿ ಕೈಕೊಡುತ್ತದೆ ಎಂಬುದು ಅವರ ಅನುಭವ.

ಸಲಕರಣೆಗಳನ್ನು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡೆವು. ಮುಖ್ಯವಾದವು ಎರಡು. ಒಂದು ಬೈರಿಗೆ: ಎಂಟಿಂಚು ಅಗಲದ ಕಬ್ಬಿಣದ ಡಬ್ಬಿಯಂಥದು, ಅದರ ಅಡಿಯಲ್ಲಿ ಓರೆಯಾಗಿ ಬಗ್ಗಿಸಿದ ಎರಡು ಅಲಗುಗಳು, ಮೇಲೆ ಒಂದಿಂಚಿನ ಜಿಐ ಪೈಪಿನ ದಂಡ. ಆಳ ಹೆಚ್ಚಿದಂತೆ ಐದೈದು ಅಡಿಯ ತುಂಡುಗಳನ್ನು ಸೇರಿಸುತ್ತ ಹೋಗಲು ಕಪ್ಲಿಂಗ್, ತುದಿಗೆ ಇಬ್ಬರು ಹಿಡಿದು ತಿರುಗಿಸುವ ಅಡ್ಡಹಿಡಿ. ಎರಡನೆಯದು ಬೈಲರ್: ನಾಲ್ಕಿಂಚಿನ ಕಬ್ಬಿಣದ ಪೈಪಿನ ಮೂರೂವರೆ ಅಡಿ ಉದ್ದದ ತುಂಡು, ಅದರ ಬುಡದಲ್ಲಿ ಒಳಮುಖವಾಗಿ ಮಾತ್ರ ತೆರೆದುಕೊಳ್ಳುವ ರಬ್ಬರಿನ ಮುಚ್ಚಳ. ಇವಲ್ಲದೆ ಮೂರು ಅಡಿಕೆ ಮರ ಕಟ್ಟಿ ನಿಲ್ಲಿಸಿದ ಮುಕ್ಕಾಲಿ, ಅದಕ್ಕೊಂದು ರಾಟೆ, ಬಾಡಿಗೆಗೆ ತಂದ ಚೈನ್ ಪುಲ್ಲಿ, ಐದಡಿ ತುಂಡುಗಳಾಗಿ ಕತ್ತರಿಸಿದ ಆರಿಂಚಿನ ಪಿವಿಸಿ ಪೈಪು. ಈ ಆರಿಂಚಿನ ಪೈಪು ಬಾವಿಯಲ್ಲಿ ಉಳಿಯುವುದಿಲ್ಲ. ಕೊರೆಯುವಾಗ ಹೊಯ್ಗೆ ಒಳನುಗ್ಗದಂತೆ ತಡೆದು, ಕೊನೆಗೆ ಹೊರಬರುವ ಕವಚ ಅದು.

ಮೊದಲ ಗುಳಿಯನ್ನು ನಾನು ತಪ್ಪು ಜಾಗದಲ್ಲಿ ಹಿಡಿದೆ. ಪಂಪಿಗೆ ವಿದ್ಯುತ್ ಎಳೆಯುವುದು ಸುಲಭವಾಗಲೆಂದು ಹಳೆಯ ಬಾವಿಯ ಸಮೀಪವೇ, ಪೂರ್ವದ ಕಡೆ ಆರಂಭಿಸಿದೆವು. ಮೇಲಿನ ಎರಡು ಅಡಿ ಒಣ ಹೊಯ್ಗೆಯನ್ನು ಹಾರೆ ಗುದ್ದಲಿಯಿಂದ ತೆಗೆದು, ಅಲ್ಲಿಂದ ಕೆಳಕ್ಕೆ ಬೈರಿಗೆ ಹಾಕಿದೆವು. ಒಣ ಹೊಯ್ಗೆ ಸುರಿಯುತ್ತದೆ, ಒದ್ದೆ ಹೊಯ್ಗೆ ಗೋಡೆಯಂತೆ ನಿಲ್ಲುತ್ತದೆ. ಆದ್ದರಿಂದ ಆಗಾಗ ನೀರು ಹೊಯ್ಯುತ್ತ ಕೊರೆದರೆ ನೀರಿನ ಮಟ್ಟದವರೆಗೆ ಕವಚವೇ ಬೇಕಾಗುವುದಿಲ್ಲ. ಏಳೆಂಟು ಸುತ್ತು ತಿರುಗಿಸಿದರೆ ಡಬ್ಬಿ ತುಂಬುತ್ತದೆ, ಎತ್ತಿ ಪಕ್ಕಕ್ಕೆ ಸುರಿಯಬೇಕು. ನಾನೂ ಭಾವನೂ ಸೇರಿ ಒಂದು ದಿನದಲ್ಲಿ ಹತ್ತು ಅಡಿ ಇಳಿದು ನೀರು ಕಂಡೆವು. ಆ ಸಂಜೆ ಅದು ಬಹಳ ಸುಲಭದ ಕೆಲಸವೆಂದು ನನಗೆ ಅನ್ನಿಸಿತ್ತು.

ಮರುದಿನದಿಂದ ಕಷ್ಟ ತೊಡಗಿತು. ನೀರಿನೊಳಗಿನ ಹೊಯ್ಗೆಯನ್ನು ಬೈರಿಗೆ ಎತ್ತುವುದಿಲ್ಲ, ಅರ್ಧ ದಾರಿಯಲ್ಲೇ ಎಲ್ಲ ಜಾರಿಹೋಗುತ್ತದೆ. ಅಲ್ಲಿಂದ ಬೈಲರಿನದೇ ಕೆಲಸ. ಆರಿಂಚಿನ ಕವಚವನ್ನು ಗುಳಿಯಲ್ಲಿ ನಿಲ್ಲಿಸಿ, ಅದರೊಳಗೆ ಬೈಲರನ್ನು ಹಗ್ಗದಿಂದ ಇಳಿಸಿ, ಗೇಣುದ್ದಕ್ಕೆ ಹದಿನೈದಿಪ್ಪತ್ತು ಸಲ ಬೇಗಬೇಗನೆ ಎತ್ತಿ ಕುಕ್ಕಿದರೆ, ಹೊಯ್ಗೆಯೂ ನೀರೂ ಕಲಸಿಕೊಂಡು ರಬ್ಬರ್ ಮುಚ್ಚಳ ತಳ್ಳಿ ಒಳಬರುತ್ತವೆ. ಬುಡ ಖಾಲಿಯಾದಂತೆ ಕವಚ ಕೆಳಗಿಳಿಯಬೇಕು. ಅದಕ್ಕಾಗಿ ಅದರ ತಲೆಯ ಮೇಲೆ ಹಲಗೆಯಿಟ್ಟು, ಹೊಯ್ಗೆ ತುಂಬಿದ ಎರಡು ಚೀಲ ಹೇರಿ, ಮೈಗೆ ಹಗ್ಗ ಸುತ್ತಿ ಕೋಲು ಸಿಕ್ಕಿಸಿ ಅತ್ತಿತ್ತ ತಿರುಗಿಸುತ್ತಿದ್ದೆವು. ಹುಮ್ಮಸ್ಸಿನಲ್ಲಿ ನಾನು ಬೈಲರನ್ನು ಬಿಡುವಿಲ್ಲದೆ ಎತ್ತಿ ಎತ್ತಿ ಸುರಿದೆ. ಹದಿಮೂರನೆಯ ಅಡಿಯಲ್ಲಿ ಇದ್ದಕ್ಕಿದ್ದಂತೆ ಬುಡದಿಂದ ಹೊಯ್ಗೆ ಉಕ್ಕಿಬಂದು ಕವಚದೊಳಗೆ ಮೂರು ಅಡಿ ತುಂಬಿಕೊಂಡು, ಬೈಲರ್ ಅದರಲ್ಲಿ ಹೂತು ಸಿಕ್ಕಿಬಿತ್ತು. ನಾಲ್ವರು ಎಳೆದರೂ ಅಲುಗಲಿಲ್ಲ.

ಕಾರಣವನ್ನು ಮಾವ ತಿಳಿಸಿದರು. ನಾನು ಎತ್ತಿದ್ದು ಹೊಯ್ಗೆಯನ್ನು ಮಾತ್ರವಲ್ಲ, ಕವಚದೊಳಗಿನ ನೀರನ್ನೂ ಎತ್ತಿದ್ದೆ. ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಳಗಿಳಿದರೆ ಹೊರಗಿನ ನೀರು ಬುಡದಿಂದ ರಭಸವಾಗಿ ನುಗ್ಗುತ್ತದೆ, ಬರುವಾಗ ಹೊಯ್ಗೆಯನ್ನೂ ಹೊತ್ತು ತರುತ್ತದೆ. ಒಳಗಿನ ಮಟ್ಟ ಯಾವಾಗಲೂ ಹೊರಗಿನದಕ್ಕಿಂತ ಒಂದೆರಡು ಅಡಿ ಮೇಲೆಯೇ ಇರುವಂತೆ ಕೊಡದಿಂದ ನೀರು ಹೊಯ್ಯುತ್ತಲೇ ಇರಬೇಕು. ಕೈಯಿಂದ ಕೊರೆಯುವ ಕೆಲಸದಲ್ಲಿ ನಾನು ಕಲಿತ ಎಲ್ಲದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲ. ಹಾಗೆ ನೀರು ತುಂಬಿಸಿ, ಸಿಕ್ಕಿಬಿದ್ದ ಬೈಲರಿನ ಸುತ್ತ ಅರ್ಧ ಇಂಚಿನ ಪೈಪಿನಿಂದ ನೀರು ಹಾಯಿಸಿ ಸಡಿಲಿಸಿದಾಗ ಅದು ತಾನಾಗಿ ಬಂತು.

ಅಷ್ಟೆಲ್ಲ ಪಟ್ಟರೂ ಆ ಗುಳಿ ದಕ್ಕಲಿಲ್ಲ. ಹದಿನೈದು ಅಡಿಯಿಂದ ಕೆಳಗೆ ಚಿಪ್ಪಿನ ಚೂರುಗಳು ಬೆರೆತ ಕಪ್ಪು ಕೆಸರು ಬರತೊಡಗಿತು, ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯಿತ್ತು. ಯಾವುದೋ ಕಾಲದಲ್ಲಿ ಹೊಳೆ ಅಲ್ಲಿಯೇ ಹರಿದಿದ್ದಿರಬೇಕು. ಹದಿನೇಳನೆಯ ಅಡಿಯಲ್ಲಿ ಕೈಬಿಟ್ಟು ಕವಚವನ್ನು ಚೈನ್ ಪುಲ್ಲಿಯಿಂದ ಮೇಲಕ್ಕೆಳೆದೆವು. ಅಂದು ಎಲ್ಲರೂ ಬಳಲಿದ್ದರು. ಗುಳಿಯನ್ನು ನಾಳೆ ಮುಚ್ಚೋಣ ಎಂದು ಭಾವ ಹೇಳಿದಾಗ ನಾನು ಒಪ್ಪಲಿಲ್ಲ. 2017ರಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ತೆರೆದ ಕೊಳವೆಬಾವಿಗೆ ಪುಟ್ಟ ಹುಡುಗಿಯೊಬ್ಬಳು ಬಿದ್ದು ತೀರಿಹೋದ ದಿನಗಳು ನನಗೆ ಇಂದಿಗೂ ಮರೆತಿಲ್ಲ. ಬಳಕೆಗೆ ಬಾರದ ಕೊಳವೆಬಾವಿಗಳನ್ನು ಬುಡದಿಂದ ನೆಲಮಟ್ಟದವರೆಗೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ಎಂಟಿಂಚಿನ ಬಾಯಿ ಒಂದು ಮಗುವಿಗೆ ಸಾಕು. ಕತ್ತಲಾಗುವ ಮೊದಲೇ ಹೊಯ್ಗೆ ತುಂಬಿ, ಮೇಲಿನ ನಾಲ್ಕು ಅಡಿಗೆ ಜೇಡಿಮಣ್ಣು ಹಾಕಿ ಕುಟ್ಟಿದೆವು.

ಎರಡನೆಯ ಗುಳಿಗೆ ಜಾಗವನ್ನು ಮಾವನೇ ಆರಿಸಿದರು: ಹೊಳೆಯಿಂದ ದೂರ, ಜಾಗದ ಪಶ್ಚಿಮಕ್ಕೆ, ಹಿಂದೆ ಹೊಯ್ಗೆಯ ದಿಬ್ಬವಿದ್ದ ಕಡೆ. ನೆಲ ಅಲ್ಲಿ ಒಂದೂವರೆ ಅಡಿ ಎತ್ತರ. ಪಾಯಖಾನೆಯ ಗುಂಡಿಯಿಂದ ನಾನು ಹಗ್ಗ ಹಿಡಿದು ಅಳೆದಾಗ 80 ಅಡಿ ಬಂತು, ದನದ ಕೊಟ್ಟಿಗೆ ಅದಕ್ಕೂ ಆಚೆ. ಹೊಯ್ಗೆ ನೆಲದಲ್ಲಿ ಕೊಳಕು ಸುಲಭವಾಗಿ ಹರಿಯುತ್ತದೆ, ಹಾಗಾಗಿ ಸಾಮಾನ್ಯವಾಗಿ ಹೇಳುವ 50 ಅಡಿಗಿಂತ ಹೆಚ್ಚಿನ ಅಂತರ ಸಿಕ್ಕಿದ್ದು ನೆಮ್ಮದಿ ತಂದಿತು. ಅಲ್ಲಿ 11 ಅಡಿ 2 ಇಂಚಿಗೆ ನೀರು ಸಿಕ್ಕಿತು. ಅಲ್ಲಿಂದ ಕೆಳಕ್ಕೆ ಒಬ್ಬರು ಬೈಲರಿಗೆ, ಒಬ್ಬರು ಕೊಡಕ್ಕೆ, ಇಬ್ಬರು ಕವಚ ತಿರುಗಿಸುವುದಕ್ಕೆ ಎಂದು ಹಂಚಿಕೊಂಡು ದಿನಕ್ಕೆ ನಾಲ್ಕು ಅಡಿಯಂತೆ ಇಳಿದೆವು. ಅವಸರ ಮಾಡಲಿಲ್ಲ. ಬಂದ ಹೊಯ್ಗೆಯನ್ನು ಅಡಿಗೊಂದರಂತೆ ಹಾಳೆಯ ಮೇಲೆ ಸಾಲಾಗಿ ಸುರಿದು ಇಟ್ಟುಕೊಂಡಿದ್ದೆ. ಹದಿನೈದರಿಂದ ಇಪ್ಪತ್ತೊಂದನೆಯ ಅಡಿಯವರೆಗೆ ಕಾಳುಕಾಳಾದ ದಪ್ಪ ಹೊಯ್ಗೆ, ಅದರಾಚೆ ಮತ್ತೆ ನುಣ್ಣನೆಯದು.

ಉಪ್ಪಿನ ಅಂದಾಜಿಗೆ ಕಿಸೆಯಲ್ಲಿಟ್ಟುಕೊಳ್ಳುವಂಥ ಟಿಡಿಎಸ್ ಮೀಟರ್ ಕೊಂಡಿದ್ದೆ; ನೀರಿನಲ್ಲಿ ಕರಗಿರುವ ಲವಣ ಲೀಟರಿಗೆ ಸುಮಾರು ಎಷ್ಟು ಮಿಲಿಗ್ರಾಂ ಎಂದು ಅದು ತೋರಿಸುತ್ತದೆ. ಆದರೆ ಕವಚದೊಳಗೆ ನಾವೇ ಹೊರಗಿನ ನೀರು ಹೊಯ್ಯುತ್ತಿದ್ದುದರಿಂದ ಕೆಲಸದ ನಡುವೆ ಅಳೆದರೆ ಅದು ಹೊಯ್ದ ನೀರಿನ ಲೆಕ್ಕವಾಗುತ್ತದೆ. ಇದು ಮೊದಲ ದಿನ ನನಗೆ ಹೊಳೆಯಲಿಲ್ಲ. ಆಮೇಲೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೊದಲು ಬುಡದಿಂದ ಎತ್ತಿದ ನೀರನ್ನಷ್ಟೇ ಅಳೆಯುವ ರೂಢಿ ಮಾಡಿಕೊಂಡೆ. 15 ಅಡಿಯಲ್ಲಿ 210, 19 ಅಡಿಯಲ್ಲಿ 235, 23 ಅಡಿಯಲ್ಲಿ 310. ಅಷ್ಟಕ್ಕೇ ನಿಲ್ಲಿಸಬೇಕೆಂದು ಮಾವ ಹೇಳಿದ್ದರು: “ಮಾಣಿ, ಇನ್ ಕೆಳಗ್ ಹೋಪುಕಾಗ. ಕೆಳಗ್ ಉಪ್ಪ್ ಇತ್ತ್.” ನೀರು ಹೆಚ್ಚು ಸಿಗಲಿ ಎಂಬ ಆಸೆಯಿಂದ ನಾನು ಇನ್ನೊಂದು ದಿನ ಕೇಳಿದೆ, ಅವರು ಬೇಡವೆನ್ನಲಿಲ್ಲ. 27 ಅಡಿಯಲ್ಲಿ ಮರುದಿನ ಬೆಳಿಗ್ಗೆ ಮೀಟರ್ 680 ತೋರಿಸಿತು. ನಾಲಿಗೆಗೂ ಅದು ತಿಳಿಯುತ್ತಿತ್ತು. ನೀರಿನ ಮೈಯಿಂದ ಉಪ್ಪಿನ ಅಂಚಿಗೆ ಕೇವಲ ಹದಿನಾರು ಅಡಿ! ಹಳೆಯ ಆ ಲೆಕ್ಕದಂತೆ ನೋಡಿದರೆ ಬೇಸಗೆಯಲ್ಲಿ ನಮ್ಮ ಸಿಹಿನೀರು ಕಡಲಿನ ಮಟ್ಟಕ್ಕಿಂತ ಅರ್ಧ ಅಡಿಯೂ ಮೇಲಿರುವುದಿಲ್ಲ. ಊರಿನ ಇಷ್ಟು ಮನೆಗಳು, ಇಷ್ಟು ತೆಂಗಿನ ಮರಗಳು ಕೆಲವು ಇಂಚುಗಳ ಆಧಾರದ ಮೇಲೆ ಬದುಕಿವೆ ಎಂಬುದು ಅಂದು ನನಗೆ ತಿಳಿಯಿತು. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇಳಿದ ತಪ್ಪನ್ನು ತಿದ್ದಬೇಕಿತ್ತು. ಜೇಡಿಮಣ್ಣನ್ನು ಕಲಸಿ ನಿಂಬೆಹಣ್ಣಿನಷ್ಟು ಉಂಡೆಗಳನ್ನು ಮಾಡಿ, ಅರ್ಧ ಒಣಗಿಸಿ, ಒಂದೊಂದಾಗಿ ಹಾಕುತ್ತ ಕವಚವನ್ನು ಸ್ವಲ್ಪಸ್ವಲ್ಪವೇ ಎತ್ತಿ, ಕೆಳಗಿನ ನಾಲ್ಕು ಅಡಿಯನ್ನು ಮುಚ್ಚಿ 23 ಅಡಿಗೆ ಬಂದೆವು. ಬಾವಿಯಲ್ಲಿ ಶಾಶ್ವತವಾಗಿ ಉಳಿಯುವ ನಾಲ್ಕಿಂಚಿನ ಪಿವಿಸಿ ಪೈಪನ್ನು ಅಷ್ಟರಲ್ಲಿ ಸಿದ್ಧಪಡಿಸಿಕೊಂಡಿದ್ದೆವು. ಬುಡಕ್ಕೆ ಮುಚ್ಚಳ, ಅದರ ಮೇಲಿನ ಒಂದು ಅಡಿ ಕೆಸರು ಕೂರಲು ಖಾಲಿ, ಅಲ್ಲಿಂದ ಮೇಲಕ್ಕೆ ಆರು ಅಡಿ ಉದ್ದಕ್ಕೆ ಹ್ಯಾಕ್‌ಸಾ ಬ್ಲೇಡಿನಿಂದ ಮೂರು ಸಾಲು ಸೀಳು. ಸಾಲುಗಳ ನಡುವೆ ಸೀಳದ ಪಟ್ಟಿ ಉಳಿಸದಿದ್ದರೆ ಪೈಪು ತನ್ನ ಭಾರಕ್ಕೇ ಮುರಿಯುತ್ತದೆ. ಬೆರಳಗಲಕ್ಕೊಂದರಂತೆ ನೂರಾರು ಸೀಳು ಹಾಕಲು ಎರಡು ರಾತ್ರಿ ಹಿಡಿಯಿತು. ಅದರ ಮೇಲೆ ನೈಲಾನ್ ಬಲೆ ಸುತ್ತಿ ದಾರದಿಂದ ಬಿಗಿದೆವು. ಪೈಪನ್ನು ಕವಚದ ನಡುಮಧ್ಯೆ ನಿಲ್ಲಿಸಿ, ಎರಡರ ನಡುವಿನ ಸಂದಿಗೆ ಜರಡಿಯಾಡಿ ತೊಳೆದ ದಪ್ಪ ಹೊಯ್ಗೆಯನ್ನು ಮುಷ್ಟಿಮುಷ್ಟಿಯಾಗಿ ಸುರಿಯುತ್ತ, ಪ್ರತಿ ಅಡಿಗೂ ಕವಚವನ್ನು ಚೈನ್ ಪುಲ್ಲಿಯಿಂದ ಎತ್ತುತ್ತ ಹೋದೆವು. ಹೊಯ್ಗೆ ಮೊದಲು, ಎತ್ತುವುದು ಆಮೇಲೆ. ಕ್ರಮ ತಪ್ಪಿದರೆ ನುಣ್ಣನೆಯ ಹೊಯ್ಗೆ ಕುಸಿದು ಸೀಳುಗಳನ್ನು ಮುಚ್ಚಿಬಿಡುತ್ತದೆ. ಆ ದಿನ ಮಧ್ಯಾಹ್ನದ ಊಟಕ್ಕೂ ಯಾರೂ ಏಳಲಿಲ್ಲ.

ಮೊದಲು ಬಂದದ್ದು ಬಗ್ಗಡ ನೀರು. ಟೈರಿನ ರಬ್ಬರನ್ನು ಬಿಲ್ಲೆಯಾಗಿ ಕತ್ತರಿಸಿ ಪೈಪಿನ ತುದಿಗೆ ಕಟ್ಟಿ, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದಾಗ ನೀರು ಸೀಳುಗಳ ಮೂಲಕ ಒಳಗೂ ಹೊರಗೂ ನುಗ್ಗಿ, ಸುತ್ತಲಿನ ಸಣ್ಣ ಹುಡಿಯೆಲ್ಲ ಒಳಬಂತು. ಅದನ್ನು ಪಂಪಿನಿಂದ ಹೊರಹಾಕಿ, ಮತ್ತೆ ಆಡಿಸಿ, ಹೀಗೆ ಒಂದೂವರೆ ದಿನ ಕಳೆದ ಮೇಲೆ ಬಿಳಿ ಬಕೆಟ್ಟಿನ ತಳ ಕಾಣುವಷ್ಟು ನೀರು ತಿಳಿಯಾಯಿತು. ನೆಲದ ಮೇಲೆ ಕೂರುವ ಪಂಪು ಬಳಕೆಯಲ್ಲಿ ಸುಮಾರು 25 ಅಡಿ ಆಳದ ನೀರನ್ನಷ್ಟೇ ಹೀರಬಲ್ಲದು. ನಮ್ಮ ನೀರು ಹನ್ನೊಂದು ಅಡಿಯಲ್ಲಿದ್ದುದರಿಂದ ಅರ್ಧ ಎಚ್‌ಪಿಯ ಚಿಕ್ಕ ಪಂಪು ಸಾಕಾಯಿತು. ಪೂರ್ತಿ ಬಿಟ್ಟರೆ 200 ಲೀಟರಿನ ಡ್ರಮ್ಮು ಒಂಬತ್ತು ನಿಮಿಷಕ್ಕೆ ತುಂಬುತ್ತಿತ್ತು, ಎಲ್ಲರಿಗೂ ಸಂತೋಷವಾಯಿತು. ಆದರೆ ಬಾವಿಯೊಳಗೆ ದಾರ ಇಳಿಸಿ ನೋಡಿದಾಗ ನೀರು ಒಂದೂವರೆ ಅಡಿ ಇಳಿದಿತ್ತು, ಕೆಳಗಿನ ಉಪ್ಪಿನ ನೆನಪಾಯಿತು. ವಾಲ್ವು ತಿರುಗಿಸಿ ನಿಮಿಷಕ್ಕೆ 15 ಲೀಟರಿಗೆ ತಗ್ಗಿಸಿದ ಮೇಲೆ ಇಳಿತ ಒಂದು ಅಡಿಯೊಳಗೆ ನಿಂತಿತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಒಟ್ಟು 900 ಲೀಟರ್ ಎಂದು ಗೊತ್ತುಮಾಡಿದೆವು. ನಮ್ಮ ಮನೆಯ ಅಡುಗೆ, ಕುಡಿಯುವುದು, ಸ್ನಾನ, ಬಟ್ಟೆ, ಎರಡು ದನ ಎಲ್ಲಕ್ಕೂ ಅಷ್ಟು ಸಾಕು. ತೋಟಕ್ಕೆ ಈ ನೀರು ಮುಟ್ಟಿಸುವುದಿಲ್ಲ.

ಕುಡಿಯುವ ಮೊದಲು ಎರಡು ಚಮಚ ಬ್ಲೀಚಿಂಗ್ ಪೌಡರನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ತಿಳಿಯನ್ನು ಬಾವಿಗೆ ಹೊಯ್ದು ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ಪಂಪು ನಡೆಸಿದೆವು. ಕೆಲವು ದಿನ ಕಳೆದು ಪ್ರಯೋಗಾಲಯಕ್ಕೆ ಕೊಟ್ಟ ಮಾದರಿಯಲ್ಲಿ ಕ್ಲೋರೈಡ್ ಲೀಟರಿಗೆ 88 ಮಿಲಿಗ್ರಾಂ ಬಂತು, ಕುಡಿಯುವ ನೀರಿಗೆ ಒಪ್ಪುವ ಮಿತಿ 250. ಆದರೆ ಕೋಲಿಫಾರ್ಮ್, ಅಂದರೆ ನೀರಿಗೆ ಕೊಳಕು ಬೆರೆತಿರುವ ಸೂಚನೆಯಾದ ಬ್ಯಾಕ್ಟೀರಿಯಾ, ಇದೆಯೆಂದೂ ವರದಿಯಲ್ಲಿತ್ತು. ಅದನ್ನು ಓದಿ ಅಮ್ಮನ ಮುಖ ಬಾಡಿತು. ತಪ್ಪು ನನ್ನದೇ: ಬಾವಿಯ ಬಾಯಿಯ ಸುತ್ತ ಮೇಲಿನ ಸಂದಿಗೂ ಹೊಯ್ಗೆಯನ್ನೇ ತುಂಬಿ, ಕಟ್ಟೆಯನ್ನು ಮಳೆಗಾಲ ಮುಗಿದ ಮೇಲೆ ಮಾಡಿದರಾಯಿತೆಂದು ಬಿಟ್ಟಿದ್ದೆ. ಕೋಳಿಗಳು ಅಲ್ಲಿಯೇ ಕೆದಕುತ್ತಿದ್ದವು, ಚೆಲ್ಲಿದ ನೀರು ನೇರವಾಗಿ ಒಳಗೆ ಇಂಗುತ್ತಿತ್ತು. ಮೇಲಿನ ಐದು ಅಡಿಯ ಹೊಯ್ಗೆ ತೆಗೆದು ಜೇಡಿಮಣ್ಣು ಕುಟ್ಟಿ, ನಾಲ್ಕಡಿ ಅಗಲದ ಸಿಮೆಂಟ್ ಕಟ್ಟೆಯನ್ನು ಹೊರಗಿಳಿಜಾರಾಗಿ ಹಾಕಿ, ಪೈಪನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಮುಚ್ಚಳ ಬಿಗಿದೆವು. ಮತ್ತೊಮ್ಮೆ ಕ್ಲೋರಿನ್ ಹಾಕಿ ತೆಗೆದ ಎರಡನೆಯ ಮಾದರಿ ಶುದ್ಧವಾಗಿತ್ತು. ಆ ವರದಿ ಬರುವವರೆಗೂ ಕುದಿಸದ ನೀರನ್ನು ಯಾರಿಗೂ ಕೊಡಲಿಲ್ಲ.

ಜುಲೈಯಲ್ಲಿ ನೀರು ನೆಲದಿಂದ ಎರಡೂವರೆ ಅಡಿ ಕೆಳಗಿನವರೆಗೆ ಏರಿತು. ಮಾಡಿನ ನೀರು, ಅಂದರೆ ಚಾವಣಿಯಿಂದ ಇಳಿಯುವ ಮಳೆನೀರು, ಚರಂಡಿ ಸೇರಿ ಹೊಳೆಗೆ ಓಡುವುದನ್ನು ಕಂಡು ಮನಸ್ಸು ತಡೆಯಲಿಲ್ಲ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿಸಿ, ಜಲ್ಲಿ ಇದ್ದಿಲು ಹೊಯ್ಗೆಯ ಸೋಸುತೊಟ್ಟಿಯೊಂದನ್ನು ದಾಟಿಸಿ, ಅದನ್ನು ಹಳೆಯ ತೆರೆದ ಬಾವಿಗೆ ಬಿಟ್ಟೆ. ಆ ಬಾವಿ ಈಗ ಕುಡಿಯುವುದಕ್ಕಲ್ಲ, ಇಂಗಿಸುವುದಕ್ಕೆ. ನೆರೆಯವರಿಗೂ ಹೇಳುತ್ತಿದ್ದೇನೆ, ಏಕೆಂದರೆ ಹೊಯ್ಗೆಯ ಒಳಗೆ ಬೇಲಿಯಿಲ್ಲ. ಒಬ್ಬರು ದೊಡ್ಡ ಪಂಪಿನಿಂದ ಎಳೆದರೆ ಉಪ್ಪು ಏರುವುದು ಎಲ್ಲರ ಬಾವಿಗೂ. ಇಬ್ಬರು ಮಾಡಿನ ನೀರು ಇಂಗಿಸಲು ಒಪ್ಪಿದ್ದಾರೆ. ಬೈರಿಗೆ, ಬೈಲರ್ ಎರಡೂ ನಮ್ಮ ಕೊಟ್ಟಿಗೆಯಲ್ಲಿವೆ, ಬೇಕಾದವರು ಒಯ್ಯಬಹುದು ಎಂದಿದ್ದೇನೆ. ಜೊತೆಗೆ ಟಿಡಿಎಸ್ ಮೀಟರನ್ನೂ ಒಯ್ಯಿರಿ ಎಂದು ಹೇಳಿ ಕೊಡುತ್ತೇನೆ.

ಮುಂದಿನ ಮೇ ತಿಂಗಳ ಎರಡನೆಯ ವಾರ ಮಾವ ಮನೆಗೆ ಬಂದಿದ್ದರು. ದಾರ ಇಳಿಸಿ ಅಳೆದಾಗ ನೀರು 11 ಅಡಿ 5 ಇಂಚಿನಲ್ಲಿತ್ತು, ಮೀಟರ್ 285 ತೋರಿಸಿತು. ಹಿಂದಿನ ವರ್ಷಕ್ಕಿಂತ ಮೂರು ಇಂಚು ಕೆಳಗೆ. ಮಳೆ ಬರುವವರೆಗೆ ಪಂಪನ್ನು ಅರ್ಧ ಗಂಟೆಯ ಬದಲು ಇಪ್ಪತ್ತೇ ನಿಮಿಷ ನಡೆಸುವುದೆಂದು ಅಲ್ಲಿಯೇ ಗೊತ್ತುಮಾಡಿದೆವು. ಅಮ್ಮ ಆ ನೀರಿನಲ್ಲೇ ಚಹಾ ಮಾಡಿ ತಂದುಕೊಟ್ಟರು.